ಗಾಳಿಯ ಒತ್ತೋ, ನೆಲದ ಹಿಡಿತವೋ: ರೇಸ್ ಕಾರಿನ ಮುಗಿಯದ ವಾದ

ರೇಸ್ ಕಾರೊಂದು ತಿರುವಿನಲ್ಲಿ ಎಷ್ಟು ವೇಗ ಹಿಡಿಯಬಲ್ಲದು ಎಂಬುದು ಎಂಜಿನ್ನಿನ ಶಕ್ತಿಗಿಂತ ಹೆಚ್ಚಾಗಿ ಟೈರಿನ ಮೇಲೆ ನಿಂತಿದೆ. ನಾಲ್ಕು ಟೈರುಗಳು ನೆಲವನ್ನು ಮುಟ್ಟಿರುವ ಅಂಗೈಯಗಲದ ನಾಲ್ಕು ಜಾಗಗಳೇ ಅದನ್ನು ತೀರ್ಮಾನಿಸುತ್ತವೆ. ಅಲ್ಲಿಂದ ಹೆಚ್ಚು ಹಿಡಿತ ಪಡೆಯಲು ಎಂಜಿನಿಯರುಗಳು ಎರಡು ದಾರಿ ಕಂಡುಕೊಂಡಿದ್ದಾರೆ. ಸ್ಪ್ರಿಂಗ್, ಅದರ ಕುಣಿತ ತಡೆಯುವ ಡ್ಯಾಂಪರ್, ಚಕ್ರವನ್ನು ಮೈಗೆ ಜೋಡಿಸುವ ವಿಶ್‌ಬೋನ್‌ಗಳ ಮೂಲಕ ಟೈರನ್ನು ಸರಿಯಾದ ಕೋನದಲ್ಲಿ, ಆದಷ್ಟು ಸಮನಾದ ಭಾರದಲ್ಲಿ ನೆಲದ ಮೇಲೆ ಕೂರಿಸುವುದು ಒಂದು. ಹಾದುಹೋಗುವ ಗಾಳಿಯಿಂದಲೇ ಕಾರನ್ನು ಕೆಳಕ್ಕೆ ಒತ್ತಿಸಿಕೊಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ಚಕ್ರ ಮೇಲೆ ಕೆಳಗೆ ಸರಾಗವಾಗಿ ಆಡಬೇಕು. ಎರಡನೆಯದಕ್ಕೆ ಕಾರಿನ ಮೈ ನೆಲದಿಂದ ಒಂದೇ ಎತ್ತರದಲ್ಲಿ ಅಲುಗದೆ ನಿಲ್ಲಬೇಕು. ಒಂದೇ ಸ್ಪ್ರಿಂಗು ಈ ಎರಡೂ ಬೇಡಿಕೆಯನ್ನು ಪೂರ್ತಿಯಾಗಿ ಈಡೇರಿಸಲಾರದು. ಸಸ್ಪೆನ್ಷನ್ ಮತ್ತು ವಾಯುವಿನ್ಯಾಸದ ನಡುವಿನ ವಾದ ಹುಟ್ಟಿದ್ದು ಇಲ್ಲಿಂದ.

ಇದು ಯುರೋಪಿನ ಫಾರ್ಮುಲಾ ಒನ್ ಕಾರ್ಖಾನೆಗಳಿಗೆ ಮಾತ್ರ ಸೇರಿದ ವಾದವಲ್ಲ. ಮೈಸೂರಿನ ಶ್ರೀರಾಂಪುರದ ಬಾಡಿಗೆ ಕೋಣೆಗಳಲ್ಲಿ, ಮಾನಂದವಾಡಿ ರಸ್ತೆಯ ಎನ್‌ಐಇ ಕಾಲೇಜಿಗೆ ಹೋಗಿಬರುವ ಹುಡುಗ ಹುಡುಗಿಯರು ವಾಸವಾಗಿರುವ ಬೀದಿಗಳಲ್ಲಿ, ಇದೇ ಮಾತು ಇನ್ನೊಂದು ರೂಪದಲ್ಲಿ ಕೇಳುತ್ತದೆ: ನಮ್ಮ ಕಾರಿಗೆ ವಿಂಗ್, ಅಂದರೆ ರೆಕ್ಕೆ, ಹಾಕಬೇಕೆ, ಬೇಡವೆ? ಫಾರ್ಮುಲಾ ಸ್ಟೂಡೆಂಟ್ ಮಾದರಿಯ ಸ್ಪರ್ಧೆಗಳಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಒಂಟಿ ಆಸನದ ಕಾರನ್ನು ವಿನ್ಯಾಸ ಮಾಡಿ, ಕಟ್ಟಿ, ಓಡಿಸುತ್ತಾರೆ. ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ಶುರುವಾದ ಈ ಪದ್ಧತಿ ಈಗ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಆಗಿ ನಮ್ಮ ಹತ್ತಿರಕ್ಕೆ ಬಂದಿದೆ. ಚಾಮರಾಜನಗರ ದಾಟಿ ದಿಂಬಂ ಘಾಟಿ ಇಳಿದರೆ ಮೈಸೂರಿನಿಂದ ಕೊಯಮತ್ತೂರಿಗೆ ಸುಮಾರು 200 ಕಿ.ಮೀ. ಇಲ್ಲಿಯ ವಿದ್ಯಾರ್ಥಿ ಈ ವಾದದ ಯಾವ ತುದಿಯಲ್ಲಿ ನಿಲ್ಲಬೇಕು ಎಂದು ಕೇಳುವ ಮೊದಲು ವಾದದ ಇಡೀ ನಕ್ಷೆಯನ್ನು ನೋಡಬೇಕು.

ಟೈರೇ ಮೊದಲು ಎನ್ನುವವರು

ಅತ್ಯಂತ ಹಳೆಯ ಪಂಥ ಇದು. ರೋಲ್ಸ್ ರಾಯ್ಸ್‌ನಿಂದ ಜನರಲ್ ಮೋಟರ್ಸ್‌ಗೆ ಬಂದ ಮಾರಿಸ್ ಒಲಿ 1930ರ ದಶಕದಲ್ಲಿ ಮುಂಚಕ್ರಗಳ ಸ್ವತಂತ್ರ ಸಸ್ಪೆನ್ಷನ್ನಿನ ಮೇಲೆ ಮಾಡಿದ ಕೆಲಸದಿಂದ ವಾಹನ ಚಲನಶಾಸ್ತ್ರ ಒಂದು ಶಿಸ್ತಾಗಿ ಬೆಳೆಯತೊಡಗಿತು. ಮುಂದೆ ವಿಲಿಯಂ ಮಿಲಿಕನ್ ಮತ್ತು ಅವರ ಮಗ ಡಗ್ಲಸ್ 1995ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥ ಈ ಪಂಥದ ಆಧಾರಪಠ್ಯವಾಯಿತು. ರೇಸ್ ತಂಡಗಳ ಮೆಕ್ಯಾನಿಕ್ಕುಗಳಿಗೆ ಅರ್ಥವಾಗುವ ಮಾತಿನಲ್ಲಿ ಅದೇ ವಿಚಾರವನ್ನು ಕ್ಯಾರಲ್ ಸ್ಮಿತ್ 1970ರ ದಶಕದಲ್ಲೇ ಬರೆದಿದ್ದರು.

ಇವರ ವಾದದ ಬೇರು ಟೈರಿನ ಒಂದು ಗುಣದಲ್ಲಿದೆ. ಟೈರಿನ ಮೇಲೆ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಏರುತ್ತದೆ. ಹಾಗಾಗಿ ಒಂದೇ ಒಟ್ಟು ಭಾರವನ್ನು ಎರಡು ಟೈರುಗಳು ಸಮನಾಗಿ ಹೊತ್ತರೆ ಸಿಗುವ ಹಿಡಿತ, ಒಂದು ಹೆಚ್ಚು ಇನ್ನೊಂದು ಕಡಿಮೆ ಹೊತ್ತರೆ ಸಿಗುವುದಿಲ್ಲ. ತಿರುವಿನಲ್ಲಿ ಆಗುವುದು ಇದೇ. ಚಾಲಕನೂ ಸೇರಿ 300 ಕೆ.ಜಿ. ತೂಗುವ, ಗುರುತ್ವಕೇಂದ್ರ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರುವ, ಎಡಬಲ ಚಕ್ರಗಳ ನಡುವೆ 1.2 ಮೀಟರ್ ಅಂತರವಿರುವ ವಿದ್ಯಾರ್ಥಿ ಕಾರನ್ನು ತೆಗೆದುಕೊಳ್ಳಿ. ಅದು ಗುರುತ್ವದ ಒಂದೂವರೆ ಪಟ್ಟು ವೇಗೋತ್ಕರ್ಷದಲ್ಲಿ ತಿರುಗುವಾಗ ಒಳಬದಿಯಿಂದ ಹೊರಬದಿಗೆ ಸುಮಾರು 112 ಕೆ.ಜಿ. ಭಾರ ಸರಿಯುತ್ತದೆ. ನಿಂತಾಗ ಎರಡೂ ಬದಿಗೆ 150 ಕೆ.ಜಿ.ಯಂತೆ ಇದ್ದದ್ದು ಆಗ ಹೊರಗೆ 262, ಒಳಗೆ 38 ಆಗಿಬಿಡುತ್ತದೆ. ಒಳಚಕ್ರಗಳು ನೆಲವನ್ನು ಮುಟ್ಟಿರುತ್ತವೆ ಅಷ್ಟೆ, ಕೆಲಸ ಹೆಚ್ಚು ಮಾಡುವುದಿಲ್ಲ.

ಈ ಒಟ್ಟು ವರ್ಗಾವಣೆಯನ್ನು ಯಾವ ಸ್ಪ್ರಿಂಗೂ ತಡೆಯಲಾರದು. ಗುರುತ್ವಕೇಂದ್ರ ಇಳಿಸಬೇಕು, ಇಲ್ಲವೆ ಚಕ್ರಗಳ ಅಂತರ ಹಿಗ್ಗಿಸಬೇಕು. ಸಸ್ಪೆನ್ಷನ್ ಮಾಡಬಲ್ಲದ್ದೆಂದರೆ ಅದರಲ್ಲಿ ಮುಂದಿನ ಜೋಡಿಗೆ ಎಷ್ಟು ಪಾಲು, ಹಿಂದಿನ ಜೋಡಿಗೆ ಎಷ್ಟು ಪಾಲು ಎಂದು ಹಂಚುವುದು. ಮೈ ವಾಲುವುದನ್ನು ತಡೆಯುವ ಮುಂದಿನ ಆಂಟಿ-ರೋಲ್ ಬಾರ್ ಬಿಗಿಯಾದರೆ ಮುಂದಿನ ಟೈರುಗಳು ಮೊದಲು ಸೋಲುತ್ತವೆ, ಕಾರು ತಿರುಗದೆ ನೇರಕ್ಕೆ ಜಾರುತ್ತದೆ. ಹಿಂದಿನದು ಬಿಗಿಯಾದರೆ ಹಿಂಭಾಗ ಹೊರಕ್ಕೆ ಬೀಸುತ್ತದೆ. ಇದರ ಜತೆಗೆ ಕ್ಯಾಂಬರ್, ಅಂದರೆ ಚಕ್ರ ಲಂಬದಿಂದ ವಾಲುವ ಕೋನ. ಮೈ ಹೊರಕ್ಕೆ ವಾಲಿದಾಗ ಹೊರಚಕ್ರವೂ ವಾಲಿ ಟೈರಿನ ಅಂಚಿನ ಮೇಲೆ ನಿಲ್ಲದಂತೆ ವಿಶ್‌ಬೋನ್‌ಗಳ ಉದ್ದ, ಇಳಿಜಾರುಗಳನ್ನು ಗೊತ್ತುಮಾಡಬೇಕು.

ಈ ಪಂಥದವರು ಸ್ಪ್ರಿಂಗನ್ನು ಟ್ರ್ಯಾಕು ಅವಕಾಶ ಕೊಟ್ಟಷ್ಟೂ ಮೆದುವಾಗಿಡಬಯಸುತ್ತಾರೆ. ಉಬ್ಬುತಗ್ಗಿನ ಮೇಲೆ ಮೆದು ಸ್ಪ್ರಿಂಗು ಟೈರಿನ ಭಾರವನ್ನು ಏರಿಳಿಯದಂತೆ ಕಾಪಾಡುತ್ತದೆ. ಮೈಸೂರಿನವರಿಗೆ ಇದರ ಪ್ರತ್ಯಕ್ಷ ಪಾಠ ಸಿಗುವುದು ಮಣ್ಣಿನ ಮೇಲೆ. ಲಲಿತಮಹಲ್ ಹೆಲಿಪ್ಯಾಡ್ ಮೈದಾನದ ಗ್ರಾವೆಲ್ ಫೆಸ್ಟ್‌ಗಳಲ್ಲಾಗಲಿ, ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಗಳಲ್ಲಾಗಲಿ, ಚಕ್ರಕ್ಕೆ ಆಡಲು ಜಾಗವಿಲ್ಲದ ಕಾರು ನೆಲ ಬಿಟ್ಟು ಹಾರುತ್ತದೆ. ಹಾರುವಾಗ ಹಿಡಿತ ಸೊನ್ನೆ. ಕರ್ನಾಟಕದ ಮೋಟರ್ ಕ್ರೀಡೆ ರ‍್ಯಾಲಿಯಲ್ಲಿ ಬೆಳೆದದ್ದರಿಂದ ನಮ್ಮ ಅನುಭವಿ ಗ್ಯಾರೇಜುಗಳ ಒಲವು ಸಹಜವಾಗಿ ಈ ಪಂಥದ ಕಡೆಗೇ ಇದೆ.

ರೆಕ್ಕೆ ಬಂದ ಬಗೆ

ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿ ಕಾರಿಗೆ ಹಾಕಿದರೆ ಅದು ಕಾರನ್ನು ಕೆಳಕ್ಕೆ ಒತ್ತುತ್ತದೆ. 1956ರಲ್ಲಿ ಸ್ವಿಸ್ ಎಂಜಿನಿಯರ್ ಮೈಕೆಲ್ ಮೇ ತನ್ನ ಪೋರ್ಷೆ 550ಕ್ಕೆ ಇಂಥದೊಂದು ರೆಕ್ಕೆ ಕಟ್ಟಿಕೊಂಡು ನ್ಯೂರ್‌ಬುರ್ಗ್‌ರಿಂಗ್‌ಗೆ ಬಂದಾಗ ಸಂಘಟಕರು ಅದರೊಂದಿಗೆ ಓಡಲು ಬಿಡಲಿಲ್ಲ. ಹತ್ತು ವರ್ಷದ ನಂತರ ಟೆಕ್ಸಸ್‌ನ ಜಿಮ್ ಹಾಲ್ ಕಟ್ಟಿದ ಚಾಪರಲ್ 2ಇ ಎತ್ತರದ ಕಂಬಗಳ ಮೇಲೆ ರೆಕ್ಕೆ ಹೊತ್ತು ಬಂತು. ಆ ಕಂಬಗಳು ನಿಂತಿದ್ದು ಕಾರಿನ ಮೈಮೇಲಲ್ಲ, ನೇರವಾಗಿ ಹಿಂಚಕ್ರಗಳ ಹಬ್ಬಿನ ಮೇಲೆ. ಗಾಳಿಯ ಒತ್ತು ಸ್ಪ್ರಿಂಗನ್ನು ತುಳಿಯದೆ ಸೀದಾ ಟೈರಿಗೆ ಇಳಿಯುತ್ತಿತ್ತು. ಸ್ಪ್ರಿಂಗು ಮೆದುವಾಗಿಯೇ ಇರಬಹುದಿತ್ತು. ನೇರ ರಸ್ತೆಯಲ್ಲಿ ಚಾಲಕ ಪೆಡಲ್ ಒತ್ತಿ ರೆಕ್ಕೆಯನ್ನು ಮಟ್ಟ ಮಾಡಿ ಗಾಳಿಯ ಎಳೆತವನ್ನೂ ತಗ್ಗಿಸುತ್ತಿದ್ದ.

ನನ್ನ ದೃಷ್ಟಿಯಲ್ಲಿ ಇಡೀ ಚರಿತ್ರೆಯ ಅತ್ಯಂತ ಸ್ವಚ್ಛವಾದ ಉತ್ತರ ಇದೇ. ಹಿಡಿತದ ಎರಡೂ ದಾರಿಗಳನ್ನು ಒಂದಕ್ಕೊಂದು ಅಡ್ಡ ಬರದಂತೆ ಬೇರ್ಪಡಿಸಿದ ಉತ್ತರ. ಅದು ಉಳಿಯಲಿಲ್ಲ. 1968ರಿಂದ ಫಾರ್ಮುಲಾ ಒನ್ ತಂಡಗಳು ಎತ್ತರದ ರೆಕ್ಕೆಗಳನ್ನು ಅವಸರದಲ್ಲಿ ನಕಲು ಮಾಡಿದವು. 1969ರ ಮೇ ತಿಂಗಳಲ್ಲಿ ಸ್ಪೇನಿನ ಮೊಂಟ್‌ಯುಯಿಕ್ ಟ್ರ್ಯಾಕಿನಲ್ಲಿ ಗ್ರಹಾಂ ಹಿಲ್ ಮತ್ತು ಯೋಕನ್ ರಿಂಟ್ ಇಬ್ಬರ ಲೋಟಸ್ ಕಾರುಗಳ ರೆಕ್ಕೆಗಳೂ ಒಂದೇ ದಿಬ್ಬದ ಬಳಿ ಮುರಿದು ಭೀಕರ ಅಪಘಾತಗಳಾದವು. ಅದೇ ತಿಂಗಳು ಮೊನಾಕೊದಲ್ಲಿ ಎತ್ತರದ ರೆಕ್ಕೆಗಳಿಗೆ ನಿಷೇಧ ಬಂತು. ಆಮೇಲಿನ ನಿಯಮದಲ್ಲಿ ರೆಕ್ಕೆ ಕಾರಿನ ಮೈಗೆ ಭದ್ರವಾಗಿ ಅಂಟಿರಬೇಕು, ಅಲುಗಬಾರದು ಎಂದಾಯಿತು. ಮುರಿದದ್ದು ಕೆಟ್ಟ ಕಂಬಗಳು, ನಿಷೇಧವಾದದ್ದು ಇಡೀ ವಿಚಾರ. ಗಾಳಿಯ ಒತ್ತು ಇನ್ನು ಮುಂದೆ ಸ್ಪ್ರಿಂಗಿನ ಮೂಲಕವೇ ಟೈರಿಗೆ ಇಳಿಯಬೇಕಾಯಿತು. ಇವತ್ತಿನ ಬಹುತೇಕ ಸಮಸ್ಯೆಗಳ ಮೂಲ ಆ ನಿಯಮದಲ್ಲಿದೆ.

ಕಾರಿನ ಅಡಿಯಲ್ಲಿ ಅಡಗಿದ್ದ ಶಕ್ತಿ

1970ರ ದಶಕದ ಮಧ್ಯದಲ್ಲಿ ಕಾಲಿನ್ ಚಾಪ್ಮನ್ನರ ಲೋಟಸ್ ತಂಡದ ಪೀಟರ್ ರೈಟ್ ಮತ್ತು ಜತೆಗಾರರು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಂಡ್ ಟನಲ್‌ನಲ್ಲಿ ಮಾದರಿಗಳನ್ನು ಪರೀಕ್ಷಿಸುತ್ತಿದ್ದಾಗ ಕಾರಿನ ಅಡಿಭಾಗವನ್ನೇ ರೆಕ್ಕೆಯ ಆಕಾರಕ್ಕೆ ತಂದರೆ ಏನಾಗುತ್ತದೆಂದು ಕಂಡರು. ಕಾರಿನ ತಳ ಮತ್ತು ನೆಲದ ನಡುವಿನ ಕಿರಿದಾದ ಸಂದಿಯಲ್ಲಿ ಗಾಳಿ ವೇಗ ಪಡೆದು ಒತ್ತಡ ಕುಸಿಯುತ್ತದೆ, ಮೇಲಿನ ವಾತಾವರಣ ಕಾರನ್ನು ನೆಲಕ್ಕೆ ಅದುಮುತ್ತದೆ. ಅಂಚಿನಿಂದ ಗಾಳಿ ನುಗ್ಗದಂತೆ ನೆಲ ಮುಟ್ಟುವ ಸ್ಕರ್ಟ್ ಹಾಕಿದರೆ ಪರಿಣಾಮ ಇನ್ನಷ್ಟು. 1977ರ ಲೋಟಸ್ 78, 1978ರ ಲೋಟಸ್ 79 ಬಂದವು. ಆ ವರ್ಷ ಮಾರಿಯೊ ಆಂಡ್ರೆಟಿ ಚಾಂಪಿಯನ್ ಆದರು. ಅದೇ 1978ರಲ್ಲಿ ಬ್ರ್ಯಾಬಮ್ ತಂಡ ಹಿಂಬದಿಗೆ ದೊಡ್ಡ ಫ್ಯಾನ್ ಕೂರಿಸಿ ಅಡಿಯ ಗಾಳಿಯನ್ನೇ ಹೀರಿತು. ನಿಕಿ ಲೌಡಾ ಸ್ವೀಡನ್ನಿನಲ್ಲಿ ಗೆದ್ದ ಆ ಕಾರು ಮತ್ತೆ ಗ್ರ್ಯಾನ್ ಪ್ರೀಗೆ ಇಳಿಯಲಿಲ್ಲ.

ಇಲ್ಲಿಂದ ಎರಡನೆಯ ಪಂಥ ಹುಟ್ಟಿತು. ಅದನ್ನು ವೇದಿಕೆಯ ಪಂಥ ಎನ್ನಬಹುದು, ಏಕೆಂದರೆ ಅದರ ಪ್ರಕಾರ ಸಸ್ಪೆನ್ಷನ್ನಿನ ಮುಖ್ಯ ಕೆಲಸ ಕಾರಿನ ತಳ ಎಂಬ ವೇದಿಕೆಯನ್ನು ನೆಲದಿಂದ ನಿಗದಿತ ಎತ್ತರದಲ್ಲಿ, ನಿಗದಿತ ಕೋನದಲ್ಲಿ ಹಿಡಿದಿಡುವುದು. ಟೈರಿನ ಸುಖ ಆಮೇಲೆ. ಬ್ರೇಕ್ ಹಾಕಿದಾಗ ಮೂಗು ಕುಸಿದರೆ ಗಾಳಿಯ ಒತ್ತಿನ ಕೇಂದ್ರ ಮುಂದಕ್ಕೆ ಸರಿಯುತ್ತದೆ, ಹಿಂಭಾಗ ಹಗುರಾಗುತ್ತದೆ. ತಿರುವಿಗೆ ಇಳಿಯುವ ಕ್ಷಣದಲ್ಲೇ ಚಾಲಕನ ಧೈರ್ಯ ಹೋಗುತ್ತದೆ. ಅದನ್ನು ತಡೆಯಲು ಬಿಗಿ ಸ್ಪ್ರಿಂಗು, ಎರಡೂ ಚಕ್ರ ಒಟ್ಟಿಗೆ ಏರಿದಾಗ ಮಾತ್ರ ಕೆಲಸ ಮಾಡುವ ಮೂರನೆಯ ಸ್ಪ್ರಿಂಗು, ಮೂಗು ಕುಸಿಯದಂತೆ ವಿಶ್‌ಬೋನ್‌ಗಳನ್ನು ಓರೆಮಾಡುವ ಆಂಟಿ-ಡೈವ್ ಜೋಡಣೆ, ಹೀಗೆ ಒಂದೊಂದಾಗಿ ಬಂದವು. ಮನೆಯ ಕಾರಿನ ಮೈ ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಒಂದು, ಒಂದೂವರೆ ಬಾರಿ ತೂಗುವಷ್ಟು ಮೆದುವಾಗಿರುತ್ತದೆ. ಗಾಳಿಯ ಒತ್ತು ಹೆಚ್ಚಿರುವ ರೇಸ್ ಕಾರಿನಲ್ಲಿ ಅದು 3ರಿಂದ 5, ಕೆಲವೊಮ್ಮೆ ಅದಕ್ಕೂ ಮೇಲೆ. ಅಂಥ ಕಾರಿನಲ್ಲಿ ಉಬ್ಬುಗಳನ್ನು ನುಂಗುವುದು ಬಹುಪಾಲು ಟೈರಿನ ರಬ್ಬರೇ.

ನಿಯಮ ಮತ್ತು ಜಾಣ್ಮೆಯ ಹಗ್ಗಜಗ್ಗಾಟವೂ ಆಗಲೇ ಶುರುವಾಯಿತು. 1981ರಲ್ಲಿ ಜಾರುವ ಸ್ಕರ್ಟ್‌ಗಳನ್ನು ನಿಷೇಧಿಸಿ, ಕಾರು ನೆಲದಿಂದ 6 ಸೆಂ.ಮೀ. ಎತ್ತರದಲ್ಲಿರಬೇಕು ಎಂದರು. ಆ ಅಳತೆ ನಡೆಯುತ್ತಿದ್ದುದು ಕಾರು ನಿಂತಾಗ. ಬ್ರ್ಯಾಬಮ್‌ನ ಗಾರ್ಡನ್ ಮರ‍್ರೆ ಓಡುವಾಗ ಗಾಳಿಯ ಒತ್ತಿಗೆ ಮೆಲ್ಲಗೆ ಕುಸಿದು, ನಿಧಾನವಾದಾಗ ಮೇಲೇಳುವ ಸಸ್ಪೆನ್ಷನ್ ಮಾಡಿದರು. ನೆಲ್ಸನ್ ಪಿಕೆ ಆ ವರ್ಷದ ಚಾಂಪಿಯನ್. ಲೋಟಸ್ ಎರಡು ಚಾಸಿಗಳ ಕಾರನ್ನೇ ತಂದಿತು: ಚಾಲಕ ಕೂರುವ ಒಳಚಾಸಿಗೆ ಮೆದು ಸ್ಪ್ರಿಂಗು, ಗಾಳಿ ಹೊರುವ ಹೊರಚಾಸಿಗೆ ಬಿಗಿ ಸ್ಪ್ರಿಂಗು. ಜಿಮ್ ಹಾಲ್‌ರ ವಿಚಾರವೇ ಬೇರೆ ವೇಷದಲ್ಲಿ ಮರಳಿತ್ತು. ಲೋಟಸ್ 88 ಎಂಬ ಆ ಕಾರಿಗೆ ಒಂದು ರೇಸ್ ಓಡುವ ಅವಕಾಶವನ್ನೂ ಕೊಡಲಿಲ್ಲ. 1983ರಿಂದ ತಳ ಚಪ್ಪಟೆಯಾಗಿರಬೇಕೆಂಬ ನಿಯಮ ಬಂತು.

ಕಂಪ್ಯೂಟರಿನ ಮಧ್ಯಸ್ತಿಕೆ

ಸ್ಪ್ರಿಂಗಿಗೆ ಎರಡು ಮಾತು ಕೇಳಲಾಗದಿದ್ದರೆ ಸ್ಪ್ರಿಂಗಿನ ಜಾಗದಲ್ಲಿ ಯೋಚಿಸಬಲ್ಲ ಯಂತ್ರ ಇರಲಿ ಎಂಬುದು ಮೂರನೆಯ ಪಂಥ. ಲೋಟಸ್ 1983ರಲ್ಲೇ ಆಕ್ಟಿವ್ ಸಸ್ಪೆನ್ಷನ್ ಪ್ರಯೋಗ ಮಾಡಿತು. 1987ರಲ್ಲಿ ಅಯರ್ಟನ್ ಸೆನ್ನಾ ಅಂಥ ಕಾರಿನಲ್ಲಿ ಮೊನಾಕೊ ಮತ್ತು ಡೆಟ್ರಾಯ್ಟ್ ರೇಸ್ ಗೆದ್ದರು. 1992ರಲ್ಲಿ ವಿಲಿಯಮ್ಸ್ ಎಫ್‌ಡಬ್ಲ್ಯು14ಬಿ ನೈಜೆಲ್ ಮ್ಯಾನ್ಸೆಲ್‌ರಿಗೆ ಚಾಂಪಿಯನ್ ಪಟ್ಟ ತಂದಿತು. ಹೈಡ್ರಾಲಿಕ್ ಪಿಸ್ಟನ್ನುಗಳು ಕಂಪ್ಯೂಟರಿನ ಆಜ್ಞೆಯಂತೆ ಪ್ರತಿ ಚಕ್ರದ ಎತ್ತರ ತಿದ್ದುತ್ತ ಕಾರಿನ ತಳವನ್ನು ಬೇಕಾದ ಎತ್ತರದಲ್ಲೇ ಇಡುತ್ತಿದ್ದವು. 1994ಕ್ಕೆ ಇದೂ ನಿಷೇಧವಾಯಿತು.

ಆಮೇಲೆ ಕಂಪ್ಯೂಟರಿಲ್ಲದೆ ಅದೇ ಫಲ ಪಡೆಯುವ ಪ್ರಯತ್ನಗಳು. ಕೇಂಬ್ರಿಜ್ ವಿಶ್ವವಿದ್ಯಾಲಯದ ಮಾಲ್ಕಮ್ ಸ್ಮಿತ್ ರೂಪಿಸಿದ ಇನರ್ಟರ್ 2005ರಲ್ಲಿ ಮೆಕ್ಲಾರೆನ್ ಕಾರಿಗೆ ಬಂತು. ಸ್ಪ್ರಿಂಗು ಸ್ಥಾನಾಂತರಕ್ಕೆ, ಡ್ಯಾಂಪರು ವೇಗಕ್ಕೆ ಎದುರು ನಿಂತರೆ ಇದು ವೇಗೋತ್ಕರ್ಷಕ್ಕೆ ಎದುರು ನಿಲ್ಲುತ್ತದೆ, ಟೈರಿನ ಮೇಲಿನ ಭಾರದ ಕಂಪನವನ್ನು ತಗ್ಗಿಸುತ್ತದೆ. ರೆನೊ ತಂಡ ಕಾರಿನೊಳಗೆ ತೂಗಾಡುವ ತೂಕವೊಂದನ್ನು ಇಟ್ಟಿತು, ಅದು 2006ರಲ್ಲಿ ನಿಷೇಧವಾಯಿತು. ಮುಂದಿನ ಹಿಂದಿನ ಸಸ್ಪೆನ್ಷನ್ನನ್ನು ಹೈಡ್ರಾಲಿಕ್ ಕೊಳವೆಗಳಿಂದ ಜೋಡಿಸುವ ವ್ಯವಸ್ಥೆಗೆ 2014ರಲ್ಲಿ ತೆರೆ ಬಿತ್ತು.

2022ರಲ್ಲಿ ನಿಯಮಕಾರರು ಅಡಿತಳದ ಸುರಂಗಗಳನ್ನು ಮರಳಿ ತಂದರು, ಅದೇ ಹೊತ್ತಿಗೆ ಇನರ್ಟರ್ ಮತ್ತು ಹೈಡ್ರಾಲಿಕ್ ಸಾಧನಗಳನ್ನು ತೆಗೆದರು. ಅಂದರೆ ವೇದಿಕೆ ಹೆಚ್ಚು ಸ್ಥಿರವಾಗಿರಬೇಕಾದ ಕಾರು ಬಂತು, ಅದನ್ನು ಸ್ಥಿರಗೊಳಿಸುವ ಸಾಧನ ಹೋಯಿತು. ಫಲ ಆ ವರ್ಷವಿಡೀ ಟಿವಿಯಲ್ಲಿ ಕಂಡಿತು. ನೇರ ರಸ್ತೆಯಲ್ಲಿ ವೇಗ ಏರಿದಂತೆ ತಳ ನೆಲಕ್ಕೆ ಹತ್ತಿರವಾಗುತ್ತದೆ, ಹೀರುವಿಕೆ ಹೆಚ್ಚುತ್ತದೆ. ತೀರಾ ಹತ್ತಿರವಾದಾಗ ಗಾಳಿಯ ಹರಿವು ಕಟ್ಟಿ ಒತ್ತು ಒಮ್ಮೆಲೇ ಕುಸಿಯುತ್ತದೆ, ಸ್ಪ್ರಿಂಗು ಮತ್ತು ಟೈರು ಕಾರನ್ನು ಮೇಲೆತ್ತುತ್ತವೆ, ಹರಿವು ಮತ್ತೆ ಕೂಡಿಕೊಂಡು ಕಾರು ಮತ್ತೆ ಕೆಳಗೆ. ಪಾರ್ಪಸಿಂಗ್ ಎಂದು ಕರೆಯುವ ಈ ಕುಣಿತ ಬಾಕುವಿನಲ್ಲಿ ಲೂಯಿಸ್ ಹ್ಯಾಮಿಲ್ಟನ್ ಬೆನ್ನುನೋವಿನಿಂದ ಕಾರಿನಿಂದ ಇಳಿಯಲು ಕಷ್ಟಪಡುವಷ್ಟು ತೀವ್ರವಾಗಿತ್ತು. ವಿಂಡ್ ಟನಲ್‌ನ ಮಾದರಿಗಳಲ್ಲಿ ಇದು ಮೊದಲೇ ಕಂಡಿರಲಿಲ್ಲ. 2023ರಲ್ಲಿ ತಳದ ಅಂಚನ್ನು 15 ಮಿ.ಮೀ. ಎತ್ತರಿಸಿದರು. 2026ರ ನಿಯಮಗಳು ತಳದ ಪಾತ್ರವನ್ನು ತಗ್ಗಿಸಿ, ಓಡುವಾಗಲೇ ಕೋನ ಬದಲಿಸುವ ರೆಕ್ಕೆಗಳನ್ನು ಒಪ್ಪಿಕೊಂಡಿವೆ. ಅಲುಗುವ ರೆಕ್ಕೆ ಬೇಡ ಎಂದು 1969ರಲ್ಲಿ ಹೇಳಿದ ಕ್ರೀಡೆ ಇಷ್ಟು ದೂರ ನಡೆದು ಬಂದಿದೆ.

ಕರ್ನಾಟಕದ ಎಳೆಗಳು

ಗಾಳಿಯ ಅಧ್ಯಯನದಲ್ಲಿ ನಾವು ಬರಿಗೈಯವರಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 14 ಅಡಿ ಅಗಲ, 9 ಅಡಿ ಎತ್ತರದ ಪರೀಕ್ಷಾ ಕೋಶವಿರುವ ವಿಂಡ್ ಟನಲ್ ದಶಕಗಳ ಕಾಲ ವಿಮಾನಗಳ ಮಾದರಿಗಳನ್ನು ಪರೀಕ್ಷಿಸಿದೆ. ಅದೇ ಸಂಸ್ಥೆಯಲ್ಲಿ ಸತೀಶ್ ಧವನ್ ಮತ್ತು ಅವರ ಶಿಷ್ಯ ರೊದ್ದಂ ನರಸಿಂಹ 1950ರ ದಶಕದಲ್ಲಿ, ಮೇಲ್ಮೈಗೆ ಅಂಟಿ ಹರಿಯುವ ಗಾಳಿಯ ತೆಳು ಪದರ ನುಣುಪಾದ ಹರಿವಿನಿಂದ ಕ್ಷುಬ್ಧ ಹರಿವಿಗೆ ಹೇಗೆ ಹೊರಳುತ್ತದೆ ಎಂಬುದರ ಮೇಲೆ ಜಗತ್ತು ಇಂದಿಗೂ ಉಲ್ಲೇಖಿಸುವ ಕೆಲಸ ಮಾಡಿದರು. ಅದು ವಿದ್ಯಾರ್ಥಿ ಕಾರಿನ ರೆಕ್ಕೆಗೂ ಹೇಗೆ ಸಂಬಂಧಿಸಿದ್ದು ಎಂಬುದು ಮುಂದೆ ಬರುತ್ತದೆ.

ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಸಹಮಾಲೀಕರಾಗಿದ್ದ ಫೋರ್ಸ್ ಇಂಡಿಯಾ ತಂಡ 2008ರಿಂದ 2018ರವರೆಗೆ ಫಾರ್ಮುಲಾ ಒನ್‌ನಲ್ಲಿ ಓಡಿತು. ಕಾರು ತಯಾರಾಗುತ್ತಿದ್ದುದು ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ. ಆ ತಂಡದ ಎರಡು ದಿನಗಳು ನಮ್ಮ ಪ್ರಶ್ನೆಗೆ ಒಳ್ಳೆಯ ಉದಾಹರಣೆ. 2008ರ ಮೊನಾಕೊದಲ್ಲಿ ಮಳೆ, ನಿಧಾನದ ತಿರುವುಗಳು. ಗಾಳಿಯ ಒತ್ತಿಗೆ ಬೆಲೆ ಕಡಿಮೆಯಾದ ಆ ದಿನ ಗ್ರಿಡ್ಡಿನ ಕೊನೆಯ ಸಾಲುಗಳ ಕಾರಿನಲ್ಲಿ ಅಡ್ರಿಯನ್ ಸುಟಿಲ್ ನಾಲ್ಕನೆಯ ಸ್ಥಾನದಲ್ಲಿದ್ದರು, ಹಿಂದಿನಿಂದ ಫೆರಾರಿ ಗುದ್ದುವವರೆಗೆ. 2009ರ ಸ್ಪಾ ಟ್ರ್ಯಾಕಿನಲ್ಲಿ ಉದ್ದ ನೇರ ರಸ್ತೆಗಳು. ಕಡಿಮೆ ಎಳೆತದಲ್ಲಿ ಸಾಕಷ್ಟು ಒತ್ತು ಕೊಡುತ್ತಿದ್ದ ವಿಜೆಎಂ02 ಕಾರಿನಲ್ಲಿ ಜಾನ್‌ಕಾರ್ಲೊ ಫಿಸಿಕೆಲ್ಲಾ ಮೊದಲ ಸ್ಥಾನದಿಂದ ಹೊರಟು ಎರಡನೆಯವರಾಗಿ ಮುಗಿಸಿದರು. ಒಂದೇ ಚಿಕ್ಕ ತಂಡ ಒಮ್ಮೆ ಟೈರಿನ ಹಿಡಿತದಿಂದ, ಒಮ್ಮೆ ಗಾಳಿಯ ಲೆಕ್ಕದಿಂದ ದೊಡ್ಡವರ ನಡುವೆ ನಿಂತಿತು. ಯಾವ ಪಂಥ ಸರಿ ಎಂಬುದನ್ನು ಟ್ರ್ಯಾಕು ಮತ್ತು ಹವಾಮಾನ ಕೇಳಿಯೇ ಹೇಳಬೇಕು.

ಮೈಸೂರಿನ ಪಾಲು ಹೆಚ್ಚಾಗಿ ಚಕ್ರದ ಕಡೆಗಿದೆ. ರಾಜ್ಯದ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆಕೆ ಟೈರ್ ಕೈಸೇರಿತು. ಅದರ ಸಂಶೋಧನಾ ಕೇಂದ್ರ ಈಗ ಈ ಊರಿನಲ್ಲಿದೆ. ಟ್ರೈಟಾನ್ ಟೈರ್ ವಾಲ್ವ್ ಮಾಡುತ್ತದೆ, ಆಟೋಮೋಟಿವ್ ಆ್ಯಕ್ಸಲ್ಸ್ ಲಾರಿ ಬಸ್ಸುಗಳಿಗೆ ಆ್ಯಕ್ಸಲ್ ಮಾಡುತ್ತದೆ. ಜೆಕೆ ಟೈರ್ ಹೆಸರಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಓಡುವ ಎಲ್‌ಜಿಬಿ ಫಾರ್ಮುಲಾ 4 ಕಾರು 1300 ಸಿಸಿಯ ಎಂಜಿನ್ನಿನ, ರೆಕ್ಕೆಯಿಲ್ಲದ ಕಾರು. ನಮ್ಮ ಅನೇಕ ಚಾಲಕರು ಒಂಟಿ ಆಸನದ ಓಟ ಕಲಿತದ್ದು ಗಾಳಿಯ ನೆರವಿಲ್ಲದೆ, ಟೈರು ಮತ್ತು ಸಸ್ಪೆನ್ಷನ್ನಿನ ಮೇಲೆ ಮಾತ್ರ.

42 ಕಿ.ಮೀ. ವೇಗದಲ್ಲಿ ರೆಕ್ಕೆ

ಈಗ ವಿದ್ಯಾರ್ಥಿಗಳ ಪ್ರಶ್ನೆಗೆ ಬರೋಣ. ಫಾರ್ಮುಲಾ ಸ್ಟೂಡೆಂಟ್ ಟ್ರ್ಯಾಕುಗಳನ್ನು ಬೇಕೆಂದೇ ನಿಧಾನವಾಗಿ ರೂಪಿಸಲಾಗಿದೆ. ಎಂಟರ ಆಕಾರದ ಸ್ಕಿಡ್‌ಪ್ಯಾಡ್ ಪರೀಕ್ಷೆಯಲ್ಲಿ ಒಳವೃತ್ತದ ವ್ಯಾಸ 15.25 ಮೀಟರ್, ಹೊರವೃತ್ತದ್ದು 21.25. ಗುರುತ್ವದ ಒಂದೂವರೆ ಪಟ್ಟಿನಲ್ಲಿ ತಿರುಗುವ ಒಳ್ಳೆಯ ಕಾರೂ ಅಲ್ಲಿ ಗಂಟೆಗೆ ಸುಮಾರು 42 ಕಿ.ಮೀ. ಮೀರುವುದಿಲ್ಲ. ನಗರದೊಳಗಿನ ಸ್ಕೂಟರಿನ ಈ ವೇಗದಲ್ಲಿ ಗಾಳಿ ಏನು ತಾನೆ ಮಾಡೀತು ಎಂದು ಟೈರ್ ಪಂಥದವರು ಬಹುಕಾಲ ಕೇಳುತ್ತಿದ್ದರು.

ಲೆಕ್ಕ ಬೇರೆಯೇ ಹೇಳುತ್ತದೆ. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 760 ಮೀಟರ್ ಎತ್ತರದಲ್ಲಿದೆ. 30 ಡಿಗ್ರಿ ಸೆಲ್ಸಿಯಸ್‌ನ ಮಧ್ಯಾಹ್ನ ಇಲ್ಲಿನ ಗಾಳಿ ಒಂದು ಘನ ಮೀಟರಿಗೆ ಸುಮಾರು 1.06 ಕೆ.ಜಿ. ತೂಗುತ್ತದೆ. ಪಠ್ಯಪುಸ್ತಕದ 1.225ಕ್ಕಿಂತ ಶೇ 13ರಷ್ಟು ಕಡಿಮೆ. ಅದೇ ರೆಕ್ಕೆ ಪಠ್ಯಪುಸ್ತಕದ ಲೆಕ್ಕಕ್ಕಿಂತ ಇಲ್ಲಿ ಅಷ್ಟೇ ಕಡಿಮೆ ಒತ್ತುತ್ತದೆ, ಇದನ್ನು ಮರೆತು ಲೆಕ್ಕ ಹಾಕುವುದು ಸುಲಭ. ಮುಂದಿನ ರೆಕ್ಕೆ, ಹಿಂದಿನ ರೆಕ್ಕೆ, ಕಾರಿನ ತಳದ ಅಂಡರ್‌ಟ್ರೇ ಸೇರಿ ಒತ್ತಿನ ಗುಣಾಂಕ ಮತ್ತು ವಿಸ್ತೀರ್ಣಗಳ ಗುಣಲಬ್ಧ 3 ಚದರ ಮೀಟರ್ ಇರುವ ಕಾರಿಗೆ 40 ಕಿ.ಮೀ. ವೇಗದಲ್ಲಿ ಸುಮಾರು 20 ಕೆ.ಜಿ., 60ರಲ್ಲಿ 45, 80ರಲ್ಲಿ 80 ಕೆ.ಜಿ.ಯಷ್ಟು ಒತ್ತು ಸಿಗುತ್ತದೆ. ಇಡೀ ಸಾಮಗ್ರಿ 15 ಕೆ.ಜಿ. ತೂಗಿದರೆ ಆ ತೂಕವನ್ನು ತಿರುವಿನಲ್ಲಿ ಹೊರಕ್ಕೆ ತಳ್ಳುವ ಬಲವಿದೆ, ಗಾಳಿಯ ಒತ್ತಿಗೆ ಅದಿಲ್ಲ. ಟೈರಿನ ಮೇಲೆ ಭಾರ, ಕಾರಿಗೆ ತೂಕವಿಲ್ಲ. 60 ಕಿ.ಮೀ. ವೇಗದಲ್ಲಿ ತಿರುವಿನ ಹಿಡಿತ ಹೆಚ್ಚೆಂದರೆ ಶೇ 14ರಷ್ಟು, ತಿರುವಿನ ವೇಗ ಶೇ 7ರಷ್ಟು ಏರಬಲ್ಲದು. 40ರಲ್ಲೂ ಲಾಭ ಸಣ್ಣದು, ಆದರೆ ಸೊನ್ನೆಯಲ್ಲ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ಸ್ಕಾಟ್ ವರ್ಡ್ಲಿ ಮತ್ತು ಜೆಫ್ ಸಾಂಡರ್ಸ್ 2006ರಲ್ಲಿ ಪ್ರಕಟಿಸಿದ ಲೇಖನಗಳು ಇದೇ ದಿಕ್ಕಿನ ವಾದ ಮಂಡಿಸಿದ ಮೇಲೆ ದೊಡ್ಡ ರೆಕ್ಕೆಗಳು ಜಗತ್ತಿನಾದ್ಯಂತ ಹರಡಿದವು. ನಿಯಮಗಳು ಅವುಗಳ ಗಾತ್ರಕ್ಕೆ ಮಿತಿ ಹಾಕಬೇಕಾಯಿತು.

ಆದರೆ ಸ್ಪ್ರಿಂಗು ಇಲ್ಲಿಯೂ ಬೆನ್ನು ಬಿಡುವುದಿಲ್ಲ. 300 ಕೆ.ಜಿ.ಯ ಕಾರು ಸೆಕೆಂಡಿಗೆ ಒಂದೂವರೆ ಬಾರಿ ತೂಗುವಷ್ಟು ಮೆದುವಾಗಿದ್ದರೆ, 80 ಕಿ.ಮೀ. ವೇಗದ ಒತ್ತಿಗೆ ಅದು ಸುಮಾರು 3 ಸೆಂ.ಮೀ. ಕುಸಿಯುತ್ತದೆ. ನಿಯಮ ಕಡ್ಡಾಯ ಮಾಡಿರುವ ಚಕ್ರದ ಮೇಲ್ಮುಖ ಚಲನೆಯೇ 25 ಮಿ.ಮೀ. ಅಷ್ಟನ್ನೇ ಇಟ್ಟ ತಂಡದ ಕಾರಿನಲ್ಲಿ ಗಾಳಿಯೊಂದೇ ಆ ಚಲನೆಯನ್ನು ನುಂಗಿಬಿಡುತ್ತದೆ, ಉಬ್ಬಿಗೆ ಏನೂ ಉಳಿಯುವುದಿಲ್ಲ. ಎರಡೂವರೆ ಬಾರಿಗೆ ಬಿಗಿ ಮಾಡಿದರೆ ಕುಸಿತ ಸುಮಾರು 1 ಸೆಂ.ಮೀ.ಗೆ ಇಳಿಯುತ್ತದೆ, ಒರಟು ಡಾಂಬರಿನ ಮೇಲೆ ಟೈರು ಕುಣಿಯತೊಡಗುತ್ತದೆ. ರೆಕ್ಕೆಯನ್ನು ಚಾಪರಲ್‌ನಂತೆ ನೇರ ಚಕ್ರದ ಹಬ್ಬಿಗೇ ಕೂರಿಸಿದ ವಿದ್ಯಾರ್ಥಿ ತಂಡಗಳೂ ಇವೆ. ಅವರಿಗೆ ಕುಸಿತದ ಕಾಟವಿಲ್ಲ, ಬದಲಿಗೆ ಸ್ಪ್ರಿಂಗಿನ ಕೆಳಗಿನ ತೂಕ ಹೆಚ್ಚುತ್ತದೆ, ಪ್ರತಿ ಉಬ್ಬೂ ರೆಕ್ಕೆಯನ್ನು ಅಲುಗಿಸುತ್ತದೆ.

ನನ್ನ ತೀರ್ಮಾನ ಇಷ್ಟು. ಕಾಗದದ ಮೇಲೆ ರೆಕ್ಕೆಯೇ ಗೆಲ್ಲುತ್ತದೆ, ಅದನ್ನು ಅಲ್ಲಗಳೆಯುವ ಟೈರ್ ಪಂಥದ ಹಳೆಯ ಮಾತು ಈಗ ನಿಲ್ಲುವುದಿಲ್ಲ. ಆದರೆ ಅಮೆರಿಕದ ಸ್ಪರ್ಧೆಯ 1000 ಅಂಕಗಳಲ್ಲಿ 275 ಇರುವುದು ಸುಮಾರು 22 ಕಿ.ಮೀ.ಗಳ ಎಂಡ್ಯೂರೆನ್ಸ್ ಓಟಕ್ಕೆ. ಅದನ್ನು ಮುಗಿಸಲಾಗದ ಕಾರುಗಳು ಅನೇಕ. ಕಾರು ತಡವಾಗಿ ಸಿದ್ಧವಾಗಿ, ಡ್ಯಾಂಪರನ್ನು ಒಮ್ಮೆಯೂ ತಿರುಗಿಸಿ ನೋಡದೆ, ಕಾರ್ಬನ್ ಫೈಬರ್ ರೆಕ್ಕೆಗೆ ತಿಂಗಳುಗಟ್ಟಲೆ ಸುರಿಯುವ ತಂಡ ಶೇ 7ರ ಲಾಭವನ್ನು ಎಂದೂ ಕಾಣುವುದಿಲ್ಲ. ಮೊದಲ ಕಾರು ಕಟ್ಟುವ ಕಾಲೇಜು ರೆಕ್ಕೆ ಬಿಡಲಿ, ಸಸ್ಪೆನ್ಷನ್ ಅಳೆಯಲು ಕಲಿಯಲಿ. ಎರಡನೆಯ, ಮೂರನೆಯ ಕಾರಿಗೆ ರೆಕ್ಕೆ ಬರಲಿ.

ಇನ್ನೂ ಇತ್ಯರ್ಥವಾಗದ್ದು

ರೆಕ್ಕೆಯ ನಿಜವಾದ ಒತ್ತು ಎಷ್ಟು ಎಂಬುದೇ ಮೊದಲ ಬಾಕಿ ಪ್ರಶ್ನೆ. 25 ಸೆಂ.ಮೀ. ಅಗಲದ ರೆಕ್ಕೆ 42 ಕಿ.ಮೀ. ವೇಗದಲ್ಲಿ ಸಾಗುವಾಗ ಹರಿವಿನ ಸ್ವಭಾವ ಸೂಚಿಸುವ ರೆನಾಲ್ಡ್ಸ್ ಸಂಖ್ಯೆ ಸುಮಾರು 1.6 ಲಕ್ಷ. ಗಾಳಿಯ ಪದರ ನುಣುಪಿನಿಂದ ಕ್ಷುಬ್ಧಕ್ಕೆ ಹೊರಳುವ, ಕೆಲವೊಮ್ಮೆ ಮೇಲ್ಮೈ ಬಿಟ್ಟು ಮತ್ತೆ ಬಂದು ಅಂಟುವ ವಲಯ ಇದು. ಧವನ್, ನರಸಿಂಹ ಕೈಗೆತ್ತಿಕೊಂಡ ಹೊರಳುವಿಕೆಯ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ಇಡೀ ಹರಿವು ಕ್ಷುಬ್ಧವೆಂದು ಮೊದಲೇ ಊಹಿಸುವ ಕಂಪ್ಯೂಟರ್ ಮಾದರಿಗಳು ಈ ವಲಯದಲ್ಲಿ ದಾರಿ ತಪ್ಪಿಸಬಲ್ಲವು. ಅದರ ಮೇಲೆ, ಬಿಗಿ ತಿರುವಿನಲ್ಲಿ ಕಾರಿನ ಮುಂದಿನ ರೆಕ್ಕೆ ಮತ್ತು ಹಿಂದಿನ ರೆಕ್ಕೆ ಕಾಣುವ ಗಾಳಿಯ ದಿಕ್ಕೇ ಬೇರೆ ಬೇರೆ. ನೇರ ಹರಿವಿನ ವಿಂಡ್ ಟನಲ್ ಅದನ್ನು ತೋರಿಸಲಾರದು.

ಎರಡನೆಯದು ಏರಿಳಿಯುವ ಭಾರದಲ್ಲಿ ಟೈರಿನ ವರ್ತನೆ. ಡೆಲ್ಫ್ಟ್‌ನ ಹಾನ್ಸ್ ಪಾಸೆಯ್ಕಾ ರೂಪಿಸಿದ ಸೂತ್ರ ಸ್ಥಿರ ಸ್ಥಿತಿಯ ಟೈರನ್ನು ಚೆನ್ನಾಗಿ ವಿವರಿಸುತ್ತದೆ. ಸೆಕೆಂಡಿಗೆ ಹತ್ತಾರು ಬಾರಿ ಭಾರ ಬದಲಾಗುವಾಗ, ರಬ್ಬರು ಬಿಸಿಯೇರುವಾಗ ಹಿಡಿತ ಎಷ್ಟು ಕಳೆಯುತ್ತದೆ ಎಂಬುದರಲ್ಲಿ ಒಮ್ಮತವಿಲ್ಲ. ಸ್ಪ್ರಿಂಗನ್ನು ಎಷ್ಟು ಬಿಗಿ ಮಾಡಬಹುದು ಎಂಬ ಮೂಲ ಪ್ರಶ್ನೆಗೆ ಉತ್ತರ ಇದರೊಳಗೇ ಇದೆ. ಪಾರ್ಪಸಿಂಗ್ ಅನ್ನು ಕಾರು ಕಟ್ಟುವ ಮೊದಲೇ ನಂಬುವಂತೆ ಊಹಿಸಬಲ್ಲ ವಿಧಾನವೂ ಬಾಕಿಯಿದೆ. ಗಾಳಿಯ ಒತ್ತನ್ನು ನೇರ ಚಕ್ರಕ್ಕೆ ಇಳಿಸುವ ಜಿಮ್ ಹಾಲ್‌ರ ದಾರಿಯನ್ನು ಇಂದಿನ ವಸ್ತುಗಳಿಂದ ಸುರಕ್ಷಿತವಾಗಿ ಮಾಡಬಹುದೆ ಎಂಬುದನ್ನು ದೊಡ್ಡ ಕ್ರೀಡೆ ಮತ್ತೆ ಕೇಳಿಕೊಂಡೇ ಇಲ್ಲ.

ಇವುಗಳಲ್ಲಿ ಟೈರಿನ ಪ್ರಶ್ನೆ ಮೈಸೂರಿನ ಕೈಗೆ ಎಟಕುವಂಥದ್ದು. ವಿದೇಶಿ ವಿದ್ಯಾರ್ಥಿ ತಂಡಗಳು 2005ರಲ್ಲಿ ಒಕ್ಕೂಟ ಮಾಡಿಕೊಂಡು, ಅಮೆರಿಕದ ಬಫಲೊ ಊರಿನ ಯಂತ್ರದ ಮೇಲೆ ತಮ್ಮ ಟೈರುಗಳನ್ನು ಪರೀಕ್ಷಿಸಿ ಅಂಕಿ ಅಂಶ ಹಂಚಿಕೊಳ್ಳುತ್ತ ಬಂದಿವೆ. ನಮ್ಮ ಬಿಸಿಲು, ನಮ್ಮ ಡಾಂಬರಿನ ಮೇಲೆ ನಮ್ಮ ಟೈರುಗಳು ಹೇಗೆ ನಡೆದುಕೊಳ್ಳುತ್ತವೆ ಎಂಬ ಅಂಥದೇ ಅಂಕಿ ಅಂಶ ನಮ್ಮ ವಿದ್ಯಾರ್ಥಿಗಳಿಗೂ ಬೇಕು. ಟೈರ್ ಸಂಶೋಧನಾಲಯವೂ ಎಂಜಿನಿಯರಿಂಗ್ ಕಾಲೇಜುಗಳೂ ಒಂದೇ ಊರಿನಲ್ಲಿವೆ. ಎರಡೂ ಕಡೆಯವರು ಕೂತು ವರ್ಷಕ್ಕೆ ಒಂದು ಟೈರನ್ನಾದರೂ ಪರೀಕ್ಷಿಸಿ ಫಲಿತಾಂಶವನ್ನು ಎಲ್ಲ ತಂಡಗಳಿಗೂ ಬಿಟ್ಟುಕೊಡಲಿ. ರೆಕ್ಕೆ ಬೇಕೆ ಬೇಡವೆ ಎಂಬುದನ್ನು ಆಮೇಲೆ ವಿದ್ಯಾರ್ಥಿಗಳೇ ಲೆಕ್ಕ ಹಾಕಿ ಹೇಳುತ್ತಾರೆ.